ಹಾಲಿನ ಕವರಿನ ಸಾರು

ಹಾಲಿನ ಕವರಿನ ಮೇಲಂಚನ್ನು ನೇರವಾಗಿ ಕತ್ತರಿಸಬೇಕು. ಮೂಲೆ ಮಾತ್ರ ಕತ್ತರಿಸಿದರೆ ಒಳಗೆ ಕೈ ಹೋಗುವುದಿಲ್ಲ, ಎಷ್ಟು ತೊಳೆದರೂ ಹಾಲಿನ ವಾಸನೆ ಉಳಿಯುತ್ತದೆ. ಬಿಸಿನೀರಲ್ಲಿ ತೊಳೆದು, ಒಳಮೈ ಹೊರಗೆ ಮಾಡಿ, ಬಟ್ಟೆ ಒಣಹಾಕುವ ತಂತಿಗೆ ಕ್ಲಿಪ್ಪು ಹಾಕಿದರೆ ಮಧ್ಯಾಹ್ನದೊಳಗೆ ಒಣಗುತ್ತದೆ. ಆರಿದ ಸಾರನ್ನು ತುಂಬಿ, ಗಾಳಿ ಹಿಂಡಿ ತೆಗೆದು, ರಬ್ಬರ್ ಬ್ಯಾಂಡ್ ಸುತ್ತಿ, ತಾಟಿನ ಮೇಲೆ ಚಪ್ಪಟೆ ಮಲಗಿಸಿ ಫ್ರೀಜರಿಗೆ ಇಟ್ಟರೆ ಬೆಳಿಗ್ಗೆ ಹಲಗೆಯಂತೆ ಗಟ್ಟಿಯಾಗಿರುತ್ತದೆ. ಆಮೇಲೆ ತಾಟು ತೆಗೆದು, ಪುಸ್ತಕ ಜೋಡಿಸಿದಂತೆ ಒಂದರ ಪಕ್ಕ ಒಂದು ನಿಲ್ಲಿಸಬಹುದು. ಇದನ್ನೆಲ್ಲ ನನಗೆ ಕಲಿಸಿದ್ದು ಪಟಾನ್‌ಚೆರುವಿನ ಬಸ್ಸು.

ತೆಲಂಗಾಣ ಬೇರೆಯಾಗುವುದಕ್ಕೆ ಮುಂಚಿನ ಮಾತು. ನಮ್ಮ ಮನೆಯವರದು ರೈಲ್ವೆ ನೌಕರಿ, ಹಾಗಾಗಿ ಮನೆ ಮಲ್ಕಾಜ್‌ಗಿರಿಯಲ್ಲಿ. ನನ್ನ ಕೆಲಸ ಊರಿನ ಇನ್ನೊಂದು ತುದಿಗೆ, ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯ ಆಫೀಸಿನಲ್ಲಿ. ಕತ್ತಲಿರುವಾಗ ಹೊರಟು ಕತ್ತಲಾದ ಮೇಲೆ ಮನೆ ಸೇರುವುದು. ಬಸ್ಸಿಳಿದು ಬಂದು ಮತ್ತೆ ಒಲೆ ಹಚ್ಚಲು ಸಾಕುಸಾಕಾಗಿತ್ತು. ಹಾಗೆ ಭಾನುವಾರ ಮಾಡಿಟ್ಟು ವಾರವೆಲ್ಲ ಉಣ್ಣುವುದು ಶುರುವಾಯಿತು. ಡಬ್ಬಿಗಳನ್ನು ಕೊಳ್ಳುವ ಉಸಾಬರಿ ಯಾಕೆ, ಹಾಲಿನ ಕವರು ದಿನಾ ಬರುತ್ತಿತ್ತಲ್ಲ. ರದ್ದಿಯವನು ಬಂದು "ಪಾಲ ಕವರ್ಲು ಲೇವಾ ಅಮ್ಮಾ?" ಎಂದು ಕೂಗಿದರೆ, ಹಾಲಿನ ಕವರು ಇದ್ದರೂ ಇಲ್ಲವೆಂದು ಕೈಯಾಡಿಸಿ ಕಳಿಸುತ್ತಿದ್ದೆ.

ಅತ್ತೆಗೆ ಮಾತ್ರ ಇದು ಸೇರಲಿಲ್ಲ. ರಾಯಚೂರು ಕಡೆಯ ಹಳೆಯ ಜೀವ. ನಿನ್ನೆಯದೆಲ್ಲ ತಂಗಳು, ತಂಗಳೆಲ್ಲ ದನಕ್ಕೆ. ಹಾಗಂದವರೇ ಬುಟ್ಟಿಯಲ್ಲಿ ತಿಂಗಳಿಂದ ಇದ್ದ ಕಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಸುಖವಾಗಿ ಉಣ್ಣುತ್ತಿದ್ದರು. ಅದು ತಂಗಳಲ್ಲವೇನ್ರಿ ಎಂದು ಒಮ್ಮೆ ಕೇಳಿದೆ.

"ಅದು ಒಣಗಿದ್ದು, ಇದು ಹಸೀದು. ಐಸ್‌ನಾಗ ಇಟ್ರ ಹೆಣಾನೂ ಕೆಡಂಗಿಲ್ಲ. ಹಂಗಂತ ತಾಜಾ ಆಗ್ತೇತೇನು?" ಅಂದರು.

ಆವತ್ತಿಗೆ ವಾದ ಬಿಟ್ಟೆ. ಅವರ ಪಾಲಿನದನ್ನು ಬೆಳಿಗ್ಗೆ ಬೇರೆ ಮಾಡಿಟ್ಟು ಬಸ್ಸಿಗೆ ಓಡುತ್ತಿದ್ದೆ.

ಹೀಗಿರುವಾಗ ಡಾಕ್ಟರು ಗರ್ಭಕೋಶ ತೆಗೆಸಬೇಕು ಅಂದರು. ಆಪರೇಷನ್ ಆದ ಮೇಲೆ ಒಂದು ತಿಂಗಳು ಭಾರ ಎತ್ತುವ ಹಾಗಿಲ್ಲ, ಒಲೆ ಮುಂದೆ ನಿಲ್ಲುವ ಹಾಗಿಲ್ಲ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಗಿಂತ ಆಸೆಯೇ ಹೆಚ್ಚಾಯಿತು. ಒಂದು ತಿಂಗಳು ಮಲಗುವುದು! ಆ ತಿಂಗಳು ಯಾರೂ ನನ್ನ ತಲೆದಿಂಬಿನ ಹತ್ತಿರ ಬಂದು ಅಡಿಗೆ ಏನು ಎಂದು ಕೇಳಬಾರದು, ಅಷ್ಟು ಸಾಕಿತ್ತು.

ಅದಕ್ಕೆಂದೇ ರಜೆ ಸಿಕ್ಕಾಗಲೆಲ್ಲ ಬೇಯಿಸಿದೆ. ನಮ್ಮದು ಒಂದೇ ಬಾಗಿಲಿನ ಫ್ರಿಜ್ಜು, ಫ್ರೀಜರು ಅಂಗೈ ಅಗಲ. ಸಾರನ್ನು ನೀರು ಹಾಕದೆ ಗಟ್ಟಿಯಾಗಿ ಮಾಡಿದೆ, ಉಣ್ಣುವಾಗ ನೀರು ಬೆರೆಸಿ ಕುದಿಸಿಕೊಂಡರಾಯಿತು. ಹೆಸರುಕಾಳು, ಮಡಿಕೆಕಾಳು, ಎಣ್ಣೆಗಾಯಿ ಚೆನ್ನಾಗಿ ನಿಲ್ಲುತ್ತವೆ. ಆಲೂಗಡ್ಡೆ ನಿಲ್ಲುವುದಿಲ್ಲ, ಕರಗಿದ ಮೇಲೆ ಹಿಟ್ಟುಹಿಟ್ಟಾಗುತ್ತದೆ. ಬೇಸಿಗೆಯಲ್ಲಿ ಕರೆಂಟು ಹೋಗುವ ಊರು, ಆಗ ತಂಪು ಹಿಡಿದಿಡಲೆಂದು ಸಂದುಗೊಂದಿಗೆಲ್ಲ ಉಪ್ಪುನೀರಿನ ಸಣ್ಣ ಬಾಟಲಿ ತುರುಕಿದೆ. ಇದೊಂದು ತಿಂಗಳು ಹೇಗಾದರೂ ಸುಧಾರಿಸಿಕೊಳ್ಳಿ ಎಂದು ಅತ್ತೆಗೆ ಹೇಳಿದೆ.

ಆಸ್ಪತ್ರೆಯಿಂದ ಬಂದು ನೋಡಿದರೆ ಫ್ರೀಜರು ತುಂಬಿದ್ದು ತುಂಬಿದ ಹಾಗೇ ಇತ್ತು. ಮೊದಲ ದಿನವೇ ನಮ್ಮ ಮನೆಯವರು ಗಟ್ಟಿ ಕವರನ್ನು ಹಾಗೇ ಬಾಣಲೆಗೆ ಹಾಕಿ ಗ್ಯಾಸ್ ಹಚ್ಚಿದ್ದರಂತೆ. ಕವರು ಕರಗಿ ಬಾಣಲೆಗೆ ಹತ್ತಿ, ಮನೆ ತುಂಬ ಹೊಗೆ. ಅತ್ತೆಗೆ ಅಷ್ಟೇ ಬೇಕಾಗಿತ್ತು. ಅಂದಿನಿಂದ ಅತ್ತೆ ಅವಲಕ್ಕಿ ಮೊಸರು ತಿಂದುಕೊಂಡು, ನಮ್ಮ ಮನೆಯವರು ಕ್ಯಾಂಟೀನಿನಲ್ಲಿ ಉಂಡುಕೊಂಡು, ಇಬ್ಬರೂ ನನ್ನ ದಾರಿ ಕಾಯುತ್ತಿದ್ದರು.

ನಾನು ಮಲಗಿ ಇನ್ನೂ ಹೊದಿಕೆ ಎಳೆದುಕೊಂಡಿರಲಿಲ್ಲ. ಅತ್ತೆ ಬಂದು ಹಣೆ ಮುಟ್ಟಿದರು.

"ನೀ ಬಂದಿ, ಜೀವಕ್ಕ ಸಮಾಧಾನ ಆತು. ಸಂಜಿಗೆ ಏನ್ ಮಾಡೂಣು?"

ಅಳು ಬಂತು. ಅತ್ತರೆ ಹೊಲಿಗೆ ಎಳೆಯುತ್ತದೆಂದು ಅದನ್ನೂ ನುಂಗಿದೆ. ಅವರ ಕೈಯಲ್ಲಿ ಪ್ರೀತಿಯೂ ಇತ್ತು, ಅದು ನನಗೆ ಗೊತ್ತಾಯಿತು. ಆದರೂ ಸಿಟ್ಟು ನೆತ್ತಿಗೇರಿತು.

"ನಿಮಗ ಬೇಕಾದ್ದು ನೀವಿಬ್ರೂ ತಾಜಾ ಮಾಡ್ಕೋರಿ," ಅಂದೆ. "ಫ್ರೀಜರ್‌ನಾಗಿಂದು ನಂದು. ಅದು ಮುಗಿಯೂತನಕ ನಾ ಒಲಿ ಮುಂದ ನಿಂದ್ರಂಗಿಲ್ಲ."

ಆಮೇಲೆ ಅಡಿಗೆಮನೆಯಲ್ಲಿ ಪಾತ್ರೆ ಬೀಳುವ ಸದ್ದು ದಿನವೂ ಕೇಳತೊಡಗಿತು. ಅತ್ತೆ ಸ್ಟೂಲಿನ ಮೇಲೆ ಕೂತು ಹೇಳುವುದು, ಮಗ ಮಾಡುವುದು. ಮೊದಮೊದಲು ಅನ್ನ ಮುದ್ದೆಯಾಗುತ್ತಿತ್ತು. ನಾನು ಹೊತ್ತಿಗೆ ಸರಿಯಾಗಿ ಮೆಲ್ಲಗೆ ಎದ್ದು, ಒಂದು ಕವರನ್ನು ಅವರು ಕಾಯಿಸಿಟ್ಟ ಕುದಿನೀರಿನ ಪಾತ್ರೆಯಲ್ಲಿ ಬಿಟ್ಟು, ಕರಗಿ ಬಿಸಿಯಾದ ಮೇಲೆ ಬಿಸಿನೀರು ಬೆರೆಸಿ ತಟ್ಟೆಗೆ ಸುರಿದುಕೊಳ್ಳುತ್ತಿದ್ದೆ. ಗೋಡೆಗೆ ಒರಗಿ, ಬಿಸಿಬಿಸಿಯಾಗಿ, ಕೂತು ಉಣ್ಣುತ್ತಿದ್ದೆ. ಎಲ್ಲರದೂ ಆದ ಮೇಲೆ ಆರಿದ್ದನ್ನು ಉಂಡೇ ಗೊತ್ತಿದ್ದವಳಿಗೆ ನನ್ನ ಎಣ್ಣೆಗಾಯಿ ಇಷ್ಟು ರುಚಿ ಎಂದು ಗೊತ್ತಿರಲಿಲ್ಲ. ಬರಬರುತ್ತ ಒಂದು ಕವರನ್ನು ಎರಡು ಹೊತ್ತಿಗೆ ಮಾಡಿಕೊಂಡೆ. ಹಸಿವು ಕಡಿಮೆಯಾಗಿ ಅಲ್ಲ, ಬೇಗ ಮುಗಿಯಬಾರದು ಅಂತ.

ಡಾಕ್ಟರು ಹೇಳಿದ ತಿಂಗಳು ಇನ್ನೂ ಮುಗಿದಿರಲಿಲ್ಲ. ಒಂದು ಸಂಜೆ ನಮ್ಮ ಮನೆಯವರು ಡ್ಯೂಟಿಯಿಂದ ಬಂದವರು ಬಟ್ಟೆಯನ್ನೂ ಬದಲಿಸದೆ ಬಾಗಿಲಲ್ಲಿ ನಿಂತರು. ಮುಖ ಬಾಡಿತ್ತು.

"ಇನ್ನ ಎಷ್ಟ್ ಕವರ್ ಉಳದಾವು?"

ಕೇಳಿದ್ದು ಕವರಿನ ಲೆಕ್ಕವಲ್ಲ, ನಾನು ಏಳುವುದು ಯಾವಾಗ ಅಂತ. ಒಳಗೆ ಉಳಿದಿದ್ದದ್ದು ಒಂದೇ.

"ಭಾಳ ಅದಾವ್ರಿ," ಅಂದೆ, ಕಣ್ಣು ಮುಚ್ಚಿಕೊಂಡು.

ಫ್ರಿಜ್ಜಿಗೂ ಅವರಿಗೂ ನಡುವೆ ಎರಡು ಮಾರು. ಫ್ರಿಜ್ಜಿನ ಬಾಗಿಲು ತೆಗೆಯುವ ಸದ್ದು ಬರುತ್ತದೇನೋ ಎಂದು ಕಿವಿಗೊಟ್ಟೆ. ಆಮೇಲೆ ಅಡಿಗೆಮನೆಯಲ್ಲಿ ಅಕ್ಕಿ ತೊಳೆಯುವ ನೀರಿನ ಸದ್ದು ಕೇಳಿಸಿತು. ನಾನು ಗೋಡೆಯ ಕಡೆಗೆ ಹೊರಳಿ ಮಲಗಿದೆ.