ನ್ಯೂಟ್ರಲ್‌ನಲ್ಲಿ ಇಳಿದ ಕಾರು

ಕಕ್ಕಬೆಯ ಹತ್ತಿರದ ಒಂದು ಎಸ್ಟೇಟಿನಲ್ಲಿ ಕಾಫಿ ಗೋಡೌನ್ ವರ್ಷಕ್ಕೆ ಐದಾರು ತಿಂಗಳು ಖಾಲಿ ಬಿದ್ದಿರುತ್ತದೆ. ಹಳೆಯ ಬೆಳೆ ಹೋಗಿರುತ್ತದೆ, ಹೊಸದು ಇನ್ನೂ ಗಿಡದಲ್ಲೇ ಇರುತ್ತದೆ. ಆ ತಿಂಗಳುಗಳಲ್ಲಿ ಅಲ್ಲಿ ಭಾನುವಾರ ಮಧ್ಯಾಹ್ನ ಕಾರ್ ರೇಸ್ ನಡೆಯುತ್ತದೆ. ಕಾರುಗಳು ನನ್ನ ಅಂಗೈಯಷ್ಟು ಉದ್ದ. ಪ್ಲೈವುಡ್ ಹಲಗೆಗಳನ್ನು ಜೋಡಿಸಿ ಮಾಡಿದ ಟ್ರ್ಯಾಕಿನಲ್ಲಿ ನಾಲ್ಕು ಸೀಳುಗಳಿವೆ, ಒಬ್ಬರಿಗೆ ಒಂದು. ಸೀಳಿನ ಎರಡೂ ಬದಿಗೆ ತಾಮ್ರದ ಪಟ್ಟಿ. ಕಾರಿನ ಮೂತಿಯ ಕೆಳಗಿರುವ ಸಣ್ಣ ನಾಲಿಗೆ ಸೀಳಿನಲ್ಲಿ ಕೂರುತ್ತದೆ, ಪಟ್ಟಿಯಿಂದ ಕರೆಂಟ್ ಬರುತ್ತದೆ. ಸ್ಟಿಯರಿಂಗ್ ಎಂಬುದಿಲ್ಲ. ಕೈಯಲ್ಲಿ ಪಿಸ್ತೂಲಿನಂಥ ಒಂದು ಕಂಟ್ರೋಲರ್. ಅದರ ಟ್ರಿಗರ್ ಒತ್ತಿದಷ್ಟು ವೇಗ, ಬಿಟ್ಟರೆ ಬ್ರೇಕ್. ತಿರುವಿನಲ್ಲಿ ಆಸೆ ಜಾಸ್ತಿಯಾದರೆ ಕಾರು ಸೀಳು ಬಿಟ್ಟು ಹಾರುತ್ತದೆ. ಆಟ ಇಷ್ಟೇ. ಇಷ್ಟಕ್ಕೇ ಎಂಟು ಮಂದಿ ವಯಸ್ಸಾದವರು ಮಕ್ಕಳ ಹಾಗೆ ಜಗಳ ಆಡುತ್ತಾರೆ.

ಅಂಗಡಿಯ ರೆಡಿಮೇಡ್ ಕಾರು ತರುವ ಹಾಗಿಲ್ಲ. ಹಿತ್ತಾಳೆ ಕಡ್ಡಿ, ಉಕ್ಕಿನ ತಂತಿಗೆ ಮನೆಯಲ್ಲೇ ಬೆಸುಗೆ ಹಾಕಿ ಚಾಸಿ ಮಾಡಬೇಕು. ಮೇಲಿನ ಬಾಡಿ ನಾವು ಚಿಕ್ಕವರಿದ್ದಾಗ ಮ್ಯಾಗಜೀನುಗಳಲ್ಲಿ ಕಾಣುತ್ತಿದ್ದ ರೇಸ್ ಕಾರುಗಳಂತೆ ಇರಬೇಕು: ಸಿಗಾರಿನಂಥ ದುಂಡನೆ ಮೂತಿ, ಕಡ್ಡಿ ಕಡ್ಡಿಯ ಚಕ್ರ, ತೆರೆದ ಸೀಟಿನಲ್ಲಿ ಕತ್ತು ಹೊರಗೆ ಹಾಕಿ ಕೂತ ಡ್ರೈವರ್. ಆ ಡ್ರೈವರುಗಳ ತಲೆ ನನ್ನ ಡಿಪಾರ್ಟ್‌ಮೆಂಟ್. ಬಟಾಣಿ ಕಾಳಿನಷ್ಟು ಮುಖಕ್ಕೆ ಕಣ್ಣು, ಮೀಸೆ, ಗಾಗಲ್ಸ್ ಬಿಡಿಸುತ್ತ ಎಷ್ಟೋ ವರ್ಷ ಕಳೆದಿದ್ದೇನೆ. ಕಾನ್ವೆಂಟಿನಲ್ಲಿ ಕಸೂತಿ ಕಲಿಸಿದ ಸಿಸ್ಟರ್ ನನ್ನ ಕೈಗೆ ಕೊಟ್ಟ ಶಿಸ್ತು ಕೊನೆಗೆ ಇಲ್ಲಿ ಬಂದು ಉಪಯೋಗಕ್ಕೆ ಬಿತ್ತು. ಹೋದ ವರ್ಷದ ತನಕ ನಾನು ಕಾರು ಕಟ್ಟಿದವಳೂ ಅಲ್ಲ, ಓಡಿಸಿದವಳೂ ಅಲ್ಲ. ಓಡಿಸುವವನು ನನ್ನ ತಮ್ಮ. ಅವನ ಮನೆಯಲ್ಲೇ, ಅವನೂ ಅವನ ಹೆಂಡತಿಯೂ ಇರುವಲ್ಲಿ, ನಾನೂ ಇದ್ದೇನೆ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಗೋಡೌನಿನ ಯಜಮಾನರು ಫೋನ್ ಮಾಡಿದರು. ತಮ್ಮನ ಹಳೇ ದೋಸ್ತಿ ಅವರು. ತಮ್ಮನಿಗೆ ಮಾಡದೆ ನನಗೆ ಮಾಡಿದಾಗಲೇ ನನಗೆ ಗೊತ್ತಾಯಿತು, ಏನೋ ಇದೆ ಎಂದು.

"ಟೀಚರೇ, ನೀವೇ ಸ್ವಲ್ಪ ಅವನಿಗೆ ಹೇಳಿ ಮಾರಾಯ್ರೆ. ಈ ಸಲ ಕೊನೇ ರೇಸಿಗೆ ಅವನು ಬೆಲ್ಲಿನ ಹತ್ರ ಕೂತ್ಕೊಳ್ಳಲಿ."

"ಯಾಕೆ?"

"ಯಾಕೆ ಅಂತ ನಿಮಗೆ ಗೊತ್ತುಂಟಲ್ಲ. ಹೋದ ಸಲ ಅವನ ಕಾರು ಹಾರಿ ನನ್ನದರ ಮೂತಿ ಒಡೀತು. ನಂದು ಹೋಗ್ಲಿ ಬಿಡಿ. ಅವನ ಮುಖ ನೋಡ್ಲಿಕ್ಕೆ ಆಗುದಿಲ್ಲ."

ತಮ್ಮನ ಬಲಗೈಗೆ ನಡುಕ ಬಂದು ಎರಡು ವರ್ಷವಾಗಿತ್ತು. ಮಾತ್ರೆ ನುಂಗುತ್ತಾನೆ, ಅದು ಕೇಳಿದ ದಿನ ಕೇಳುತ್ತದೆ. ಬೆಲ್ಲಿನ ಕುರ್ಚಿ ಎಂದರೆ ರೇಸ್ ಶುರು ಮತ್ತು ಮುಕ್ತಾಯಕ್ಕೆ ಗಂಟೆ ಹೊಡೆಯುವವರ ಜಾಗ. ತುಂಬ ಆನರಬಲ್ ಕುರ್ಚಿ. ಅದರಲ್ಲಿ ಒಮ್ಮೆ ಕೂತವರು ಮತ್ತೆ ಟ್ರ್ಯಾಕಿಗೆ ಬಂದದ್ದನ್ನು ನಾನು ಕಂಡಿಲ್ಲ. "ಆಯ್ತು, ಐ ವಿಲ್ ಸ್ಪೀಕ್ ಟು ಹಿಮ್," ಎಂದು ಫೋನ್ ಇಟ್ಟೆ. ಅಡುಗೆಮನೆಗೆ ಹೋದೆ, ಅವನು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದ. ಹೇಳಲಿಲ್ಲ. ಮಾರನೇ ದಿನವೂ ಹೇಳಲಿಲ್ಲ.

ಅದರ ಬದಲು ಕಾರು ಕಟ್ಟಲು ಕೂತೆ.

ಅವನ ಕಾರು ಓಡುವುದನ್ನು ನಾನು ಗಮನಿಸಿದ್ದೆ. ಚಳಿ ಹಿಡಿದ ಕರುವಿನ ಹಾಗೆ ಅದು ನೇರ ದಾರಿಯಲ್ಲೂ ನಡುಗುತ್ತಿತ್ತು. ಬೆರಳು ನಡುಗಿ ಸಡಿಲವಾದಾಗಲೆಲ್ಲ ಬ್ರೇಕ್, ಮತ್ತೆ ಬಿಗಿಯಾದಾಗ ಜಗ್ಗು. ತಿರುವಿನಲ್ಲಿ ಜಗ್ಗಿದರೆ ಹಾರದೆ ಏನು ಮಾಡುತ್ತದೆ? ಹಗುರ ಕಾರು, ಚುರುಕು ಮೋಟರ್; ಕೈಯ ಪ್ರತಿಯೊಂದು ಗುಟ್ಟೂ ಅದಕ್ಕೆ ತಿಳಿಯುತ್ತಿತ್ತು. ಹಾಗಾದರೆ ಸ್ವಲ್ಪ ಮಂದ ಕಿವಿಯ ಕಾರು ಬೇಕು, ನನ್ನ ಹಾಗೆ.

ತೋಟದಲ್ಲಿ ಕಡಿದುಹಾಕಿದ್ದ ಹಾಲುವಾಣದ ಕೊಂಬೆಯಿಂದ ಬಾಡಿ ಕೆತ್ತಿದೆ. ನೆರಳಿಗೆಂದು ಬೆಳೆಸುವ ಮರ, ಬೆಣ್ಣೆಯಂಥ ಮೆತ್ತನೆ ಕಟ್ಟಿಗೆ, ಬ್ಲೇಡಿಗೆ ಹಾಗೇ ಬರುತ್ತದೆ. ಚಾಸಿ ಸುಲಭವಾಗಲಿಲ್ಲ. ಹಳೆಯ ಲಟ್ಟಣಿಗೆ ಮಣೆಗೆ ಮೊಳೆ ಹೊಡೆದು, ಕಡ್ಡಿಗಳನ್ನು ಅವುಗಳ ನಡುವೆ ಸಿಕ್ಕಿಸಿ ಬೆಸುಗೆ ಹಾಕಿದೆ. ಮೊದಲ ಮೂರು ಸಲ ಬೆಸುಗೆ ಬೂದಿ ಬಣ್ಣಕ್ಕೆ ತಿರುಗಿ, ಮಣೆಯಿಂದ ಎತ್ತಿದ ಕೂಡಲೇ ಬಿಟ್ಟುಕೊಂಡಿತು. ಕಡ್ಡಿಯೇ ಬಿಸಿಯಾಗಬೇಕು, ಸೀಸವನ್ನು ಮಾತ್ರ ಕರಗಿಸಿದರೆ ಸಾಲದು ಎಂಬುದು ತಿಳಿಯಲು ಒಂದು ವಾರ ಹಿಡಿಯಿತು. ಭಾರಕ್ಕೆ ತಮ್ಮನ ಗಾಳದ ಡಬ್ಬಿಯಿಂದ ಸೀಸದ ಗುಂಡುಗಳನ್ನು ಕದ್ದು, ತಟ್ಟಿ ಚಪ್ಪಟೆ ಮಾಡಿ, ಚಾಸಿಯ ಹೊಟ್ಟೆಗೆ ಅಂಟಿಸಿದೆ.

"ಅತ್ತಿಗೆ, ನಿಮ್ಮ ರೂಮಿಂದ ಎಂಥ ಅದ್ ವಾಸನೆ?" ಎಂದಳು ತಮ್ಮನ ಹೆಂಡತಿ.

"ಪೇಂಟ್," ಎಂದೆ. ಸುಳ್ಳಿಗೆ ಕನ್ಫೆಷನ್ ಮಾಡಬೇಕಿಲ್ಲದ ಜಾತಿಯಲ್ಲಿ ಹುಟ್ಟಿದ್ದು ಒಳ್ಳೆಯದಾಯಿತು.

ಕೊನೆಗೆ ಅವನ ಕಂಟ್ರೋಲರ್ ಬಿಚ್ಚಿದೆ. ಒಳಗೆ ಮೂರು ವೈರ್, ಅದರಲ್ಲಿ ಒಂದು ಬ್ರೇಕಿನದು. ಅದನ್ನು ಬಿಡಿಸಿ, ತುದಿಗೆ ಟೇಪ್ ಸುತ್ತಿ, ಮೊದಲಿದ್ದ ಹಾಗೇ ಮುಚ್ಚಿದೆ. ಇನ್ನು ಬೆರಳು ಸಡಿಲವಾದರೂ ಕಾರು ತಡೆಯುವುದಿಲ್ಲ, ಭಾರಕ್ಕೆ ಉರುಳುತ್ತ ಹೋಗುತ್ತದೆ. ನಡುಕ ಕೈಯಲ್ಲಿದ್ದರೂ ಚಕ್ರದ ತನಕ ಹೋಗುವುದಿಲ್ಲ.

ರೇಸಿನ ಹಿಂದಿನ ಭಾನುವಾರ ಪ್ರಾಕ್ಟೀಸ್. ಗೋಡೌನಿನಲ್ಲಿ ನಾವಿಬ್ಬರೇ ಇದ್ದೆವು. ಕಾರನ್ನು ಅವನ ಮುಂದಿಟ್ಟೆ. ಬಾಟಲ್ ಗ್ರೀನ್ ಬಣ್ಣ. ತಿರುಗಿಸಿ ಹೊಟ್ಟೆ ನೋಡಿದ, ಬೆಸುಗೆಗಳ ಮೇಲೆ ಉಗುರು ಎಳೆದ. ನನ್ನ ಮುಖ ನೋಡಿದ. ಕಾರನ್ನು ಸೀಳಿಗೆ ಕೂರಿಸಿದ.

ಮೊದಲ ನೇರ ದಾರಿಯಲ್ಲಿ ಕಾರು ನುಣ್ಣಗೆ ಹೋಯಿತು. ತಿರುವು ಬಂತು. ಅವನು ಇಷ್ಟು ವರ್ಷ ಮಾಡಿದ ಹಾಗೇ, ಕೊನೇ ಗಳಿಗೆಯಲ್ಲಿ ಟ್ರಿಗರ್ ಪೂರ್ತಿ ಬಿಟ್ಟ. ಕಾರು ನಿಲ್ಲಲಿಲ್ಲ. ಸೀಳಿನಿಂದ ಎದ್ದು, ಗೋಡೌನಿನ ಕಂಬಕ್ಕೆ ಬಡಿದು, ನೆಲಕ್ಕೆ ಬಿತ್ತು. ಮೂತಿ ಸೀಳಿತ್ತು.

"ಎಂಥ ಮಾಡ್ದ ಅಕ್ಕ ಇದ್ಕೆ?"

"ಬ್ರೇಕ್ ವೈರ್ ತೆಗ್ದೆ. ನಿನ್ನ ಕೈಗೆ ಅಂತ."

"ನಂಗೆ ಹೇಳದೆ?"

ನಮ್ಮಿಬ್ಬರಿಗೆ ಜೋರು ಜಗಳವೆಂದರೆ ಇಂಗ್ಲಿಷಿನಲ್ಲೇ ಆಗಬೇಕು. ಅಪ್ಪ ಅಮ್ಮನಿಗೆ ತಿಳಿಯಬಾರದೆಂದು ಸಣ್ಣವರಿದ್ದಾಗ ಮಾಡಿಕೊಂಡ ಅಭ್ಯಾಸ. "ಐಯಾಮ್ ದ ಡ್ರೈವರ್!" ಎಂದ. "ಡ್ರೈವರಿಗೆ ಹೇಳದೆ ಯಾರು ಬ್ರೇಕ್ ತೆಗೀತಾರೆ? ಟೆಲ್ ಮಿ, ಹೂ?" ಖಾಲಿ ಗೋಡೌನಿನಲ್ಲಿ ಆ 'ಹೂ' ಎರಡು ಸಲ ಕೇಳಿತು.

ಸಹಾಯ ಮಾಡಿದರೆ ಯಾರಿಗೂ ಕಾಣದ ಹಾಗೆ ಮಾಡಬೇಕು ಎಂದು ನಮಗೆ ಕಲಿಸಿದ್ದರು. ಅದು ಒಳ್ಳೆಯ ಮ್ಯಾನರ್ಸ್ ಎಂದೇ ಇಷ್ಟು ವರ್ಷ ನಂಬಿದ್ದೆ. ಅಂದು ಮಾತ್ರ ನಾನು ಮಾಡಿದ್ದಕ್ಕೂ, ಅವನಿಗೆ ಮಾಡಬೇಕಾದ ಫೋನನ್ನು ಯಜಮಾನರು ನನಗೆ ಮಾಡಿದ್ದಕ್ಕೂ ಏನು ವ್ಯತ್ಯಾಸ ಎಂದು ಅಲ್ಲೇ ನಿಂತು ಯೋಚಿಸಿದೆ. ಹೆಚ್ಚೇನೂ ಕಾಣಲಿಲ್ಲ. ನಡುಕದ ಬಗ್ಗೆ, ಭಾರದ ಬಗ್ಗೆ, ಕಾರು ಯಾಕೆ ಹೀಗೆ ಎಂಬ ಬಗ್ಗೆ ಎಲ್ಲ ಹೇಳಿದೆ. ಫೋನಿನದೊಂದು ಬಿಟ್ಟು.

ಅವನು ಒಡೆದ ಮೂತಿಯನ್ನು ಕೈಯಲ್ಲಿ ತಿರುಗಿಸಿ, ಸೀಳನ್ನು ಒತ್ತಿ ಸೇರಿಸಿ ನೋಡಿದ. ಆಮೇಲೆ, "ಅಂದ್ರೆ ನ್ಯೂಟ್ರಲ್," ಎಂದ. ನಗು ಬಂತು ಅವನಿಗೆ. "ಅಷ್ಟೇ ಅಲ್ದಾ? ಮಾಕುಟ್ಟ!"

ಅವನು ವಯಸ್ಸಿನಲ್ಲಿದ್ದಾಗ ಮಾಕುಟ್ಟದ ಘಾಟಿಯಲ್ಲಿ ಕೇರಳದ ಕಡೆಗೆ ಜೀಪು ಇಳಿಸುತ್ತಿದ್ದುದು ನ್ಯೂಟ್ರಲ್‌ನಲ್ಲೇ. ಪೆಟ್ರೋಲ್ ಉಳಿಯುತ್ತದೆಂದು ಇಲ್ಲಿನ ಅರ್ಧ ಮಂದಿ ಹಾಗೇ ಇಳಿಯುತ್ತಿದ್ದರು. ತಪ್ಪು, ಅಪಾಯ, ಎಲ್ಲರಿಗೂ ಗೊತ್ತು. ನಾನು ಪಕ್ಕದ ಸೀಟಿನಲ್ಲಿ ಕಂಬಿ ಹಿಡಿದುಕೊಂಡು ಕಾನ್ವೆಂಟಿನಲ್ಲಿ ಕಲಿತ ಹೇಲ್ ಮೇರಿ ಹೇಳುತ್ತಿದ್ದೆ. ನಮ್ಮ ದೇವರುಗಳಿಗೆ ಅಷ್ಟು ಬೇಗ ಹೇಳಿ ಮುಗಿಸುವ ಪ್ರಾರ್ಥನೆ ನನಗೆ ಬರುತ್ತಿರಲಿಲ್ಲ. ಅವನು ಮಾತ್ರ ತಿರುವು ಕಾಣುವ ಮೊದಲೇ ಬ್ರೇಕನ್ನು ಮೆಲ್ಲಗೆ ಒತ್ತಿ ವೇಗ ಇಳಿಸಿಕೊಂಡು, ತಿರುವಿನಲ್ಲಿ ಅದನ್ನು ಮುಟ್ಟದೆ, ನೀರು ಹರಿದ ಹಾಗೆ ಇಳಿಯುತ್ತಿದ್ದ.

ಮೂತಿಗೆ ಅಂಟು ಹಾಕಿ, ಒಣಗಿಸಿ, ಮತ್ತೆ ಕಾರು ಇಟ್ಟ. ತಿರುವಿಗೆ ಒಂದು ಮೊಳ ಮೊದಲೇ ಟ್ರಿಗರ್ ಬಿಟ್ಟ. ಕಾರು ತನ್ನ ಭಾರಕ್ಕೆ ಉರುಳಿ, ತಿರುಗಿ, ಹೊರಬಂತು. ಸಾಯಂಕಾಲದ ತನಕ ಅದೇ ಮಾಡಿದ. ನಾನು ಕೂತು ನೋಡಿದೆ.

ರೇಸಿನ ದಿನ ಯಜಮಾನರು ನನ್ನತ್ತ ಹುಬ್ಬು ಹಾರಿಸಿದರು. ನಾನು ಟ್ರ್ಯಾಕ್ ನೋಡಿದೆ. ತಮ್ಮ ತನ್ನ ಲೇನಿನ ಹತ್ತಿರ ನಿಂತಾಗಿತ್ತು.

"ಎಂಥ ಮಾರಾಯ, ಇದು ರೇಸ್ ಕಾರಾ, ಮರದ ಲಾರಿಯಾ?" ಎಂದರು ಅವರು.

"ಲಾರಿಗೆ ಸೈಡ್ ಕೊಡ್ಬೇಕು, ಗೊತ್ತುಂಟಲ್ಲ?" ಎಂದ ತಮ್ಮ.

ನಾಲ್ವರಲ್ಲಿ ಮೂರನೆಯವನಾದ. ನೇರ ದಾರಿಯಲ್ಲಿ ಎಲ್ಲರೂ ಅವನನ್ನು ದಾಟಿದರು, ತಿರುವುಗಳಲ್ಲಿ ಒಬ್ಬೊಬ್ಬರಾಗಿ ಹಾರಿದರು, ಕಾರು ಎತ್ತಿ ಮತ್ತೆ ಇಡುವಷ್ಟರಲ್ಲಿ ಅವನು ನಿಧಾನಕ್ಕೆ ಪಕ್ಕದಿಂದ ಹೋದ. ಅವನ ಕೈ ಉದ್ದಕ್ಕೂ ನಡುಗುತ್ತಿತ್ತು. ಅವನ ಕಾರನ್ನು ಒಮ್ಮೆಯೂ ಯಾರೂ ಎತ್ತಿಡಬೇಕಾಗಲಿಲ್ಲ. ಯಜಮಾನರು ಬಂದು ಅವನ ಭುಜ ಹಿಡಿದರು.

ಮನೆಗೆ ಬರುವಾಗ ಜೀಪು ಓಡಿಸಿದವಳು ಅವನ ಹೆಂಡತಿ. ನಾವಿಬ್ಬರೂ ಹಿಂದಿನ ಸೀಟಿನಲ್ಲಿ ಕೂತಿದ್ದೆವು.

"ಅಂವ ನಿಂಗೆ ಫೋನ್ ಮಾಡಿತ್ತಲ್ದಾ?" ಎಂದ.

ಸುಳ್ಳು ಹೇಳುವ ಮನಸ್ಸಾಗಲಿಲ್ಲ. "ಹೂಂ. ನಿನ್ಗೆ ಹೇಗೆ ಗೊತ್ತು?"

"ಅಂವ ಮೂರು ಸಲ ನಿನ್ನ ಮುಖ ನೋಡ್ದ. ನೀ ಒಂದು ಸಲನೂ ಅವನ ಮುಖ ನೋಡಿತ್ಲೆ." ಕಿಟಕಿಯ ಕಡೆ ತಿರುಗಿ, "ಮುಂದಿನ ವರ್ಷ ಆ ಬೆಲ್ಲಿನ ಕುರ್ಚಿಲಿ ನಾನೇ ಕೂರ್ವೆ. ಅವಂಗೆ ನಾನೇ ಹೇಳ್ವೆ. ನೀ ಹೇಳ್ದು ಬೊತ್ತು, ಬೇಡವೇ ಬೇಡ," ಎಂದ.

ಅವನ ಜಾಗ ಉಳಿಸಿದೆನೆಂದು ಮಧ್ಯಾಹ್ನವಿಡೀ ಒಳಗೊಳಗೇ ಹೆಮ್ಮೆಪಟ್ಟಿದ್ದೆ. ಉಳಿಸಿಕೊಟ್ಟದ್ದು ಒಂದು ರೇಸ್ ಮಾತ್ರ. ಆದರೆ ಹೋಗುವ ದಿನವನ್ನು ಅವನೇ ಗೊತ್ತುಮಾಡಿಕೊಂಡ. ಅದಕ್ಕೆ ಆ ಒಂದು ರೇಸ್ ಬೇಕಿತ್ತೋ ಏನೋ.

"ಮತ್ತೆ ಕಾರು?" ಎಂದೆ.

"ನೀನೇ ಓಡ್ಸು. ಕಟ್ಟಿದ್ದು ನೀನಲ್ದಾ?"

"ಈ ವಯಸ್ಸಿಗಾ? ಡೋಂಟ್ ಬಿ ಸಿಲ್ಲಿ."

ಮುಂದಿನ ಸೀಟಿನಿಂದ ಅವನ ಹೆಂಡತಿ ಜೋರಾಗಿ ನಕ್ಕಳು. ಅವನು ನಗಲಿಲ್ಲ.

ಈಗ ಕಾಫಿ ಪಿಕಿಂಗ್ ನಡೆಯುತ್ತಿದೆ. ಗೋಡೌನಿನಲ್ಲಿ ಮೂಟೆಗಳು ತುಂಬಿವೆ, ಟ್ರ್ಯಾಕಿನ ಹಲಗೆಗಳು ಅಟ್ಟ ಹತ್ತಿವೆ. ಕಾರು ಓಡಿಸುತ್ತೀಯಾ ಎಂದು ತಮ್ಮ ವಾರಕ್ಕೊಮ್ಮೆಯಾದರೂ ಕೇಳುತ್ತಾನೆ. ನಾನಿನ್ನೂ ಹೂಂ ಎಂದಿಲ್ಲ.