ದವಾಖಾನೆಯಲ್ಲಿ ತಿಂದ ಸಕ್ಕರೆ

ನಾನು ನಿಂತಿದ್ದು ದಾಂಡೇಲಿಯ ಒಂದು ಸಣ್ಣ ಖಾಸಗಿ ದವಾಖಾನೆಯ ಒಳಕೋಣೆಯಲ್ಲಿ, ಬಾಗಿಲಿನ ಎಡಕ್ಕೆ, ಕುಡಿಯುವ ನೀರಿನ ಹಂಡೆಯ ಪಕ್ಕದಲ್ಲಿ. ೧೯೬೪ನೆಯ ಇಸವಿ, ಶ್ರಾವಣದ ಕೊನೆಯ ಸೋಮವಾರ. ಕಾಗದ ಕಾರ್ಖಾನೆಯ ಬೆಳಗಿನ ಭೋಂಗಾ ಕೂಗಿ ಸ್ವಲ್ಪ ಹೊತ್ತಾಗಿತ್ತು. ನನ್ನ ಹೆಂಡತಿ ಕಿಟಕಿಯ ಬೆಳಕಿಗೆ ಮುಖ ಮಾಡಿ ಸ್ಟೂಲಿನ ಮೇಲೆ ಕುಳಿತಿದ್ದಳು. ಅವಳ ಎಡ ಹೊಳ್ಳೆಯಲ್ಲಿ ಬಿಳಿ ಅರಿವೆಯ ಬತ್ತಿ ಇತ್ತು. ಅವಳ ತಂದೆ ಪರದೆಯ ಆಚೆ ನಿಂತಿದ್ದರು. ಪರದೆಯ ಕೆಳಗೆ ಅವರ ಚಪ್ಪಲಿ ಮಾತ್ರ ನನಗೆ ಕಾಣುತ್ತಿತ್ತು. ಅವಳು ನನ್ನ ಜೊತೆ ಕ್ವಾರ್ಟರ್ಸಿಗೆ ಬರುತ್ತಾಳೋ, ತಂದೆಯ ಜೊತೆ ಹಳಿಯಾಳಕ್ಕೆ ಕಾಯಂ ಹೋಗುತ್ತಾಳೋ ಎನ್ನುವುದು ಡಾಕ್ಟರ ಬಾಯಿಂದ ಬರುವ ಮಾತಿನ ಮೇಲೆ ನಿಂತಿತ್ತು.

ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡೇ ರೊಟ್ಟಿ ಬಡಿಯುತ್ತಿದ್ದಳು. ಬಿದಿರು ಬೇಯಿಸುವ ವಾಸನೆ ಗಾಳಿಯ ಜೊತೆ ನಮ್ಮ ಸಾಲಿಗೆ ಬಂದರೆ ಹೊಸಬರು ಊಟ ಬಿಡುತ್ತಿದ್ದರು. ಎರಡನೆಯ ವರ್ಷ ಒಂದು ಸಂಜೆ ಪಕ್ಕದ ಮನೆಯಾಕೆ, "ಇವತ್ತ ಎಷ್ಟ ನಾರಾಕತ್ತೈತಿ ನೋಡವಾ" ಎಂದಳು. ನನ್ನ ಹೆಂಡತಿ ತಲೆಯೆತ್ತಿ, "ಎಲ್ಲಿ? ನನಗೇನೂ ಬರವಲ್ತು" ಎಂದಳು.

"ಅಯ್ಯ ನಮ್ಮವ್ವ! ಈಗ ನೀ ಖರೇ ದಾಂಡೇಲಿಯಾಕಿ ಆದಿ. ಇನ್ನ ತವರ ಮನಿ ಗಾಳಿ ನಿನಗ ಆಗಿಬರಂಗಿಲ್ಲ ತಗೋ."

ಎಲ್ಲರೂ ನಕ್ಕೆವು. ನಮ್ಮಲ್ಲಿ ವಾಸನೆ ಗೊತ್ತಾಗದಂತಾಯಿತೆಂದರೆ ಊರಿಗೆ ಒಗ್ಗಿಕೊಂಡರು ಎಂದೇ ಲೆಕ್ಕ. ನನಗಂತೂ ಖುಷಿಯಾಗಿ ಪೇಟೆಯಿಂದ ಮಲ್ಲಿಗೆಯ ದಂಡೆ ತಂದೆ. ಅವಳು ಅದನ್ನು ಮೂಗಿಗೆ ಹಿಡಿದಳು, ತಿರುವಿ ಮತ್ತೊಮ್ಮೆ ಹಿಡಿದಳು. ಆಮೇಲೆ ಮುಡಿದುಕೊಂಡಳು.

ಮುಂದೆ ಎಡಗಡೆ ಮೂಗು ಕಟ್ಟಿತು. ಬಗ್ಗಿದರೆ ಹಣೆ ಸಿಡಿಯುತ್ತಿತ್ತು. ಕೆನ್ನೆ ಬಾತು, ರಕ್ತ ಬೆರೆತ ಹಕ್ಕಳೆ ಬೀಳತೊಡಗಿತು. ಹಬೆ ಹಿಡಿದದ್ದಾಯಿತು, ಪೆನ್ಸಿಲಿನ್ ಚುಚ್ಚಿಸಿದ್ದಾಯಿತು, ಸೂಜಿ ಹಾಕಿ ಒಳಗೆ ತೊಳೆಸಿದ್ದೂ ಆಯಿತು. ಕೆಮ್ಮು ಇರಲಿಲ್ಲ. ಎದೆಯ ಎಕ್ಸ್‌ರೇ ಚೊಕ್ಕವಾಗಿತ್ತು. ಹೀಗಾಗಿ ಕ್ಷಯದ ಮಾತು ಯಾರ ಬಾಯಲ್ಲೂ ಬರಲಿಲ್ಲ. ಕೊನೆಗೆ ಮೂಗಿನ ದಿಂಡೇ ದಪ್ಪವಾಗಿ ಕೆಂಪಾಯಿತು. ಹಳಿಯಾಳದ ಒಬ್ಬ ಔಷಧಿಯವನು ಅವಳನ್ನು ನೋಡದೆಯೇ ಮಾವನಿಗೆ ಹೇಳಿದನಂತೆ: "ಮೂಗ ಒಳಗಿಂದ ತಿನ್ನೋದು ಗರ್ಮಿ. ಅದು ಗಂಡನ ಕಡೆಯಿಂದನ ಬರತೈತಿ."

ಗರ್ಮಿ ಎಂದರೆ ಸೂಳೆಯರ ಸಹವಾಸದಿಂದ ಬರುವ ರೋಗ. ಅದಾದ ಮೇಲೆ ಮಾವ ನಮ್ಮ ಮನೆಗೆ ಬಂದರೆ ಕಟ್ಟೆಯ ಮೇಲೆಯೇ ಕೂರುತ್ತಿದ್ದರು. ನನ್ನ ಕೈಯಿಂದ ನೀರು ಮುಟ್ಟುತ್ತಿರಲಿಲ್ಲ. "ಗಿರಣಿ ಊರಿಗೆ ಕೊಟ್ಟದ್ದ ನಂದ ತಪ್ಪು" ಎಂದು ಮಗಳಿಗೆ ಹೇಳಿದ್ದು ನನಗೂ ಕೇಳುವಂತೆಯೇ ಇತ್ತು.

ಧಾರವಾಡದಿಂದ ಈ ದವಾಖಾನೆಗೆ ವಾರಕ್ಕೊಮ್ಮೆ ಬರುತ್ತಿದ್ದ ಮೂಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಅವಳ ಕಣ್ಣು ಮುಚ್ಚಿಸಿ ಕೆನ್ನೆಗೆ ಟಾಚಣಿಯ ಮೊನೆ ಮುಟ್ಟಿಸಿದರು. ಮುಟ್ಟಿದಾಗಲೆಲ್ಲ ಅವಳು "ಹ್ಞೂಂ" ಎಂದಳು. ಕುಷ್ಠ ಅಲ್ಲ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಮದುವಿ ಮೊದಲ, ಇಲ್ಲಾ ಆಮ್ಯಾಲೆ, ಹೊರಗ ಎಲ್ಲೆರೆ ಹೋಗೀರೇನು? ನಾಚಿಗೋಬ್ಯಾಡ್ರಿ."

"ಇಲ್ಲರಿ."

"ಎಲ್ಲಾರೂ ಇಲ್ಲಂತನ ಅಂತಾರ. ರಕ್ತ ಕೊಡ್ರಿ."

ನಾನು ಎಲ್ಲಿಗೂ ಹೋದವನಲ್ಲ. ಆದರೂ ತೋಳು ಚಾಚುವಾಗ ನನ್ನ ಮುಖ ಬೆವರಿತು. ಪರದೆ ಸರಿಸಿ ನೋಡಿದ ಮಾವನಿಗೆ ಅಷ್ಟೇ ಸಾಕಾಯಿತು. ಅವಳ ರಕ್ತವನ್ನೂ ತೆಗೆದರು. ಕೊನೆಗೆ ಮೂಗಿನೊಳಗೆ ಮದ್ದು ಹಚ್ಚಿ, ಕೆನ್ನೆಯ ಎಲುಬಿನ ಹಿಂದಿರುವ ಪೊಳ್ಳಿನಿಂದ ಅಕ್ಕಿಕಾಳಿನಷ್ಟು ಮಾಂಸದ ತುಣುಕು ಕತ್ತರಿಸಿ, ಸಣ್ಣ ಬಾಟಲಿಯಲ್ಲಿ ಹಾಕಿ ಪರೀಕ್ಷೆಗೆ ಹುಬ್ಬಳ್ಳಿಗೆ ಕಳಿಸಿದರು. ಅವಳು ಸ್ಟೂಲಿನ ಅಂಚು ಹಿಡಿದುಕೊಂಡಿದ್ದಳು.

ಆ ಸೋಮವಾರ ಹೋದದ್ದು ಅದರ ಉತ್ತರ ಕೇಳಲು.

"ಇಬ್ಬರ ರಕ್ತಾನೂ ಚೊಕ್ಕ ಐತಿ" ಎಂದರು ಡಾಕ್ಟರು. "ತುಣುಕಿನಾಗ ಕ್ಷಯ ಸಿಕ್ಕೈತಿ. ಎದಿಯಾಗ ಅಲ್ಲ, ಮೂಗಿನ ಬಾಜೂದ ಪೊಳ್ಳಿನಾಗ. ಭಾಳ ಅಪರೂಪ. ನಾನೂ ಇದ ಮೊದಲ ನೋಡಾಕತ್ತಿದ್ದು."

ಪರದೆ ಸರಿಸಿ ಮಾವ ಒಳಗೆ ಬಂದರು. "ಕ್ಷಯ? ಖರೇನ ಕ್ಷಯ ಏನ್ರಿ?"

"ಖರೆ."

"ಗರ್ಮಿ ಅಲ್ಲ?"

"ಅಲ್ರೀ ಯಜಮಾನರ."

"ಶಿವನ, ಮಾನಾ ಉಳಿಸಿದಿ!" ಮಾವ ಅಂಗಿಯ ಕಿಸೆಯಿಂದ ಪೊಟ್ಟಣ ತೆಗೆದರು. ಹಿಂದಿನ ವಾರ ಉಳವಿಗೆ ಹೋಗಿ ತಂದಿದ್ದ, ಯಾಲಕ್ಕಿ ಪುಡಿ ಬೆರೆಸಿದ ಸಕ್ಕರೆ ಪ್ರಸಾದ. ಡಾಕ್ಟರ ಅಂಗೈಗೆ ಹಾಕಿದರು, ಜೋಯಿಡಾ ಕಡೆಯ ನರ್ಸ್ ಹುಡುಗಿಯ ಅಂಗೈಗೆ ಹಾಕಿದರು, ಆಮೇಲೆ ನನ್ನ ಹತ್ತಿರ ಬಂದರು. "ಬಾಯಿ ಸಿಹಿ ಮಾಡ್ಕೊಳ್ರಿ ಅಳಿಯಂದಿರ. ಆ ಹಂಡ್ಯಾಗಿಂದ ನನಗೊಂದ ವಾಟಗಾ ನೀರ ಕೊಡ್ರಿ."

ನಾನು ಸಕ್ಕರೆ ಬಾಯಿಗೆ ಹಾಕಿಕೊಂಡೆ. ನೀರು ಕೊಟ್ಟೆ. ಅವರು ನನ್ನ ಕೈಯಿಂದ ಕುಡಿದರು. ಇಬ್ಬರ ಕಣ್ಣಲ್ಲೂ ನೀರು ಬಂದಿತ್ತು. ಮಾವನ ಸ್ವಂತ ತಂಗಿ ಕ್ಷಯದಿಂದಲೇ, ಹಿತ್ತಲಿನ ಕೋಣೆಯಲ್ಲಿ ಬೇರೆ ತಾಟು ಬೇರೆ ತಂಬಿಗೆ ಇಟ್ಟುಕೊಂಡು ಸತ್ತವಳು. ಕ್ಷಯ ಎಂಬ ಮಾತಿನ ಅರ್ಥ ನಮ್ಮಿಬ್ಬರಿಗೂ ಗೊತ್ತಿತ್ತು. ಆದರೂ ನಾವು ನಗುತ್ತಿದ್ದೆವು. ನಾನು ನಕ್ಕದ್ದು ನನಗೆ ಸ್ಪಷ್ಟವಾಗಿ ನೆನಪಿದೆ.

ಸ್ಟೂಲಿನ ಮೇಲಿಂದ ಅವಳು ಕೇಳಿದಳು: "ಅಪ್ಪಾ, ಕ್ಷಯ ಬಂದಿದ್ದ ಯಾರಿಗೆ?"

ಡಾಕ್ಟರು ತಮ್ಮ ಪಾಲಿನ ಸಕ್ಕರೆಯನ್ನು ತಿಂದಿರಲಿಲ್ಲ. ಎಲ್ಲಿ ಇಡಬೇಕೆಂದು ತಿಳಿಯದೆ ಮುಷ್ಟಿ ಮುಚ್ಚಿದರು. ನರ್ಸ್ ಹುಡುಗಿ ಹೋಗಿ ತನ್ನ ಅಂಗೈಯಲ್ಲಿದ್ದುದನ್ನು ನನ್ನ ಹೆಂಡತಿಯ ಅಂಗೈಗೆ ಸುರಿದಳು. ಅವಳು ತಿಂದು, ನಿಧಾನವಾಗಿ ಚಪ್ಪರಿಸಿ, "ಬರೇ ಸಿಹಿ ಐತಿ. ಯಾಲಕ್ಕಿ ವಾಸನಿ ಬರವಲ್ತು" ಎಂದಳು.

"ನಡಿಯವಾ, ಗಂಡನ ಮನಿಗೆ ಹೋಗು" ಎಂದರು ಮಾವ, ತಲೆ ತಗ್ಗಿಸಿ.

ಅವಳು ಬಂದಳು. ಮಳೆಯಲ್ಲಿ ನನ್ನ ಛತ್ರಿಯ ಕೆಳಗೆ ಬರಲಿಲ್ಲ. ಮುಂದೆ ಮುಂದೆ ನಡೆದಳು. ಮನೆಗೆ ಹೋದವಳೇ ಕಪಾಟಿನಿಂದ ಒಂದು ತಾಟು, ಒಂದು ತಂಬಿಗೆ ತೆಗೆದು ಬೇರೆ ಇಟ್ಟುಕೊಂಡಳು. ನಾನು ಅವನ್ನು ತಿರುಗಿ ಕಪಾಟಿನಲ್ಲಿ ಇಟ್ಟೆ. ಅವಳು ಮತ್ತೆ ತೆಗೆದಳು. ಒಂದೂವರೆ ವರ್ಷ ಸೂಜಿ, ಗುಳಿಗೆ ನಡೆದವು. ರೋಗ ಪೂರ್ತಿ ಹೋಯಿತು. ಮೂಗಿನ ದಿಂಡು ಸ್ವಲ್ಪ ತಗ್ಗಿತು. ವಾಸನೆ ಮಾತ್ರ ತಿರುಗಿ ಬರಲಿಲ್ಲ.

ಮಾವ ತೀರಿಕೊಂಡರು, ಡಾಕ್ಟರೂ ಇಲ್ಲ. ಆ ಸಕ್ಕರೆ ಹಂಚಿದ್ದನ್ನು ಕಂಡವರಲ್ಲಿ ನನ್ನನ್ನು ಬಿಟ್ಟು ಈಗ ಇಬ್ಬರು ಬದುಕಿದ್ದಾರೆ. ನರ್ಸ್ ಹುಡುಗಿ ಮುದುಕಿಯಾಗಿ ಮುಂಡಗೋಡಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಇನ್ನೊಬ್ಬಳು ಒಳಗೆ, ಹಾಲು ಕೆಟ್ಟಿದೆಯೋ ಇಲ್ಲವೋ ಮೂಸಿ ಹೇಳಲು ನನ್ನನ್ನು ಕರೆಯುತ್ತಿದ್ದಾಳೆ.