ಅಜ್ಜಿಗೆ ಸಿಗದ ಸೂಜಿ

ತೊಂಬತ್ತರ ದಶಕದಲ್ಲಿ, ಹುಟ್ಟೂರಿನಿಂದ ಬಹುದೂರ, ಮುಳಬಾಗಿಲಿನಲ್ಲಿ ಹೊಲಿಗೆ ಕಲಿಸುತ್ತಿದ್ದೆ. ಭುಜದ ನೋವಿಗೆ ಡಾಕ್ಟರು ಬಹಳ ಹೊತ್ತು ಮರಗಟ್ಟಿಸುವ ಸೂಜಿ ಹಾಕಿದರು. ನೋವೇನೋ ಹೋಯಿತು, ಆದರೆ ಆಮೇಲೆ ತಲೆ ಬಾಚಲೂ ಬಲಗೈ ಏಳದಾಯಿತು. ಇನ್ನೊಂದು ಸೂಜಿ ಹಾಕಿಸಿಕೊಂಡರೆ ಸರಿಹೋದೀತೆಂದು ಮತ್ತೆ ಹೋದೆ.

"ಬೇಡಮ್ಮ. ಆ ಔಷಧಿ ಬೇಗ ಇಳಿಯಲ್ಲ, ಅಲ್ಲೇ ಕೂತು ಮಾಂಸಖಂಡಾನೂ ಕೆಡಿಸುತ್ತೆ. ಇನ್ನೊಂದು ಹಾಕಿದ್ರೆ ನೀವು ಕತ್ತರಿ ಹಿಡಿದ ಹಾಗೇ!" ಎಂದರು ಡಾಕ್ಟರು.

ಬೆಂಚಿನಲ್ಲಿದ್ದ ತಾಯಲೂರಿನ ಅಜ್ಜಿಯೊಬ್ಬರು ತಟ್ಟನೆ ಎದ್ದರು. "ಆಯಮ್ಮಂಗೆ ಬ್ಯಾಡಾಂದ್ರೆ ಅದನ್ನ ನಂಗೇ ಹಾಕ್ಬಿಡು ಸಾಮಿ."

"ನಿಮಗೇನಾಗಿದೆ ಅಜ್ಜಿ?"

"ಕೆಮ್ಮು."

ಡಾಕ್ಟರು ಬರೀ ಮಾತ್ರೆ ಕೊಟ್ಟರು. ಹೊರಡುವಾಗ ಅಜ್ಜಿ ನನ್ನನ್ನು ದುರುಗುಟ್ಟಿ ನೋಡಿ, "ಇದ್ದ ಸೂಜೀನೆಲ್ಲಾ ನೀನೇ ಹಾಕಿಸ್ಕೊಂಡ್ಬಿಟ್ಟೆಯಲ್ಲಮ್ಮಾ!" ಎಂದರು.

ತಪ್ಪಾಯಿತೆಂದು ಕೈಮುಗಿಯೋಣವೆಂದರೆ, ಬಲಗೈ ಮೇಲೇಳಲಿಲ್ಲ.